ಹುಳು ಹಣ್ಣಾಗುವ ತನಕ

ಚೆನ್ನರಾಯಪ್ಪ ಯುದ್ಧದಲ್ಲಿ ಸತ್ತು ನಾಲ್ಕು ತಿಂಗಳಾಗುವಷ್ಟರಲ್ಲಿ ಮನೆಯವರೆಲ್ಲ ಸೇರಿಕೊಂಡು ಅವನನ್ನು ಬಲು ಶಾಂತ ಮನುಷ್ಯನನ್ನಾಗಿ ಮಾಡಿಬಿಟ್ಟಿದ್ದರು. ಸತ್ತವನ ಕಣ್ಣು ಬೊಗಸೆಯಗಲ ಎಂದು ನಮ್ಮ ಸೀಮೆಯ ತೆಲುಗಿನವರು ಹೇಳುವುದುಂಟು. ಬದುಕಿದ್ದಾಗ ಆ ಕಣ್ಣು ಎಷ್ಟಿತ್ತು ಎಂದು ಮಾತ್ರ ಯಾರೂ ಕೇಳಬಾರದು.

ಅರವತ್ತಾರನೇ ಇಸವಿಯ ಸಂಕ್ರಾಂತಿ ಕಳೆದ ಮೂರನೆಯ ದಿನ ಶಿಡ್ಲಘಟ್ಟದಿಂದ ಹೆಡ್‌ಮೇಷ್ಟ್ರು ಜಯರಾಮಪ್ಪನವರು ಎರಡು ಮೈಲಿ ಸೈಕಲ್ ತುಳಿದುಕೊಂಡು ಕೋನಪ್ಪನ ಮನೆಗೆ ಬಂದರು. ಸತ್ತ ಹುಡುಗ ಅವರ ಕೈಯಲ್ಲೇ ಅಕ್ಷರ ಕಲಿತವನು. ಜನವರಿ ಇಪ್ಪತ್ತಾರಕ್ಕೆ ಶಾಲೆಯಲ್ಲಿ ಅವನ ಪಟ ಹಾಕಬೇಕು, ಪಟದ ಕೆಳಗೆ ಗುಣ ನಡತೆ ನಾಲ್ಕು ಸಾಲು ಬರೆಸಬೇಕು ಎಂದು ಊರ ಹಿರಿಯರು ಗೊತ್ತು ಮಾಡಿದ್ದರು. ಆ ನಾಲ್ಕು ಸಾಲು ಕೇಳಿಕೊಂಡು ಹೋಗಲು ಮೇಷ್ಟ್ರು ನೋಟ್‌ಬುಕ್ ತಂದಿದ್ದರು.

ಕೋನಪ್ಪ ಜಗಲಿಯ ಮೇಲೆ ಕೂತಿದ್ದ. ಅವನ ಹೆಂಡತಿ ವೆಂಕಟರತ್ನಮ್ಮ ಹೊಸಿಲ ಬಳಿ ಮೊರ ಇಟ್ಟುಕೊಂಡು ಅವರೆಕಾಯಿ ಬಿಡಿಸುತ್ತಿದ್ದಳು. ಒಳಗೆ ಬಾಗಿಲ ಮರೆಯಲ್ಲಿ ಸೊಸೆ ರಾಮಲಕ್ಷ್ಮಮ್ಮ ನೆನೆಹಾಕಿದ ಕಾಳು ಹಿದುಕುತ್ತಿದ್ದಳು. ಇಪ್ಪತ್ತೆರಡರ ಹುಡುಗಿ, ಕೈಯಲ್ಲಿ ಬಳೆಯಿಲ್ಲ, ಹಣೆಯಲ್ಲಿ ಬೊಟ್ಟಿಲ್ಲ. ಆದರೆ ಕಿವಿ ಇತ್ತಲ್ಲ.

“ಹೇಳಿ ಕೋನಪ್ಪನೋರೇ, ಹುಡುಗ ಮನೇಲಿ ಹೆಂಗಿದ್ದ?”

“ನಾನು ಹಾಕಿದ ಗೆರೆ ದಾಟಿದೋನಲ್ಲ ಸ್ವಾಮಿ. ಕೂತ್ಕೋ ಅಂದ್ರೆ ಕೂರೋನು, ನಿಂತ್ಕೋ ಅಂದ್ರೆ ನಿಲ್ಲೋನು.”

ಮೇಷ್ಟ್ರು ‘ಪಿತೃವಾಕ್ಯ ಪರಿಪಾಲಕ’ ಎಂದು ಬರೆದುಕೊಂಡರು.

“ನಾ ತಂಡ್ರೀ, ನನ್ನಪ್ಪಾ,” ವೆಂಕಟರತ್ನಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು. “ಒಂದಿನ ಅದು ಬೇಕು ಇದು ಬೇಕು ಅಂದೋನಲ್ಲ. ಹಾಕಿದ್ದು ಉಂಡು ತೆಪ್ಪಗೆ ಏಳೋನು.”

‘ಮಿತಭಾಷಿ, ಸರಳಜೀವಿ.’

“ಅಣ್ಣನಿಗೆ ಭಯಾನೇ ಇರ್ಲಿಲ್ಲ ಸಾರ್,” ಎಂದ ಕಿರಿಯ ಮಗ ನಲ್ಲಪ್ಪ. ಹತ್ತೊಂಬತ್ತರ ಹುಡುಗ, ಸೊಪ್ಪಿನ ಹೊರೆ ಇಳಿಸಿ ಆಗ ತಾನೇ ಬಂದಿದ್ದ.

ಒಳಗಿದ್ದ ರಾಮಲಕ್ಷ್ಮಮ್ಮನ ಕೈ ನಿಂತುಹೋಯಿತು. ಅಯ್ಯೋ ಶಿವನೇ, ಇವರು ಯಾರ ವಿಷಯ ಮಾತಾಡುತ್ತಿದ್ದಾರೆ? ಹಲ್ಲಿ ಲೊಚಗುಟ್ಟಿದರೆ ಮಂಚದಿಂದ ಹಾರುತ್ತಿದ್ದವನು ಅವಳ ಗಂಡ. ಹಿದುಕಿದ ಬೇಳೆ ಸಾರಿಗೆ ಉಪ್ಪು ಒಂದು ಹರಳು ಕಮ್ಮಿಯಾದರೆ ಬೀದಿಗೆ ಕೇಳಿಸುವ ಹಾಗೆ ಕೂಗಾಡಿ, ಮತ್ತೆ ಮೂರು ಸಲ ಬಡಿಸಿಕೊಳ್ಳುತ್ತಿದ್ದವನು. ಕೂತು ಉಂಡದ್ದೇ ಅಪರೂಪ. ಒಂದು ತುತ್ತು ಮುದ್ದೆ ಬಾಯಿಗಿಟ್ಟು ಎದ್ದು ಹೋಗಿ ಎತ್ತಿನ ಹಗ್ಗ ನೋಡಿ ಬರುತ್ತಿದ್ದ, ಇನ್ನೊಂದು ತುತ್ತಿಗೆ ಪಕ್ಕದ ಮನೆಯ ಗಾಡಿಯ ಗಾಲಿ ನೋಡಿ ಬರುತ್ತಿದ್ದ. “ಕಾಲಿಗೇನು ಚಕ್ರ ಕಟ್ಕೊಂಡಿದ್ದೀರಾ?” ಎಂದು ಅವಳು ಬೈದರೆ ಹಲ್ಲು ಕಿಸಿಯುತ್ತಿದ್ದ. “ಬೈಯೇ, ಬೈಯಿ. ನಿನ್ನ ಬೈಗುಳ ನಂಚ್ಕೊಳ್ದಿದ್ರೆ ಮುದ್ದೆ ಇಳಿಯಲ್ಲ ಕಣೇ.” ಅಂಥವನು ಮಿತಭಾಷಿಯಂತೆ! ಬಾಯಲ್ಲಿ ಎಳ್ಳು ಕಾಳು ನೆನೆಯುತ್ತಿರಲಿಲ್ಲ ಅವನಿಗೆ. ಕೆಟ್ಟ ಸುದ್ದಿಯಂತೂ ಹೊಸಿಲು ದಾಟುವ ಮುಂಚೆಯೇ ಹೊರಗೆ. ಅವಳ ಅಪ್ಪ ತೀರಿಕೊಂಡ ಸುದ್ದಿಯನ್ನು ಬೀದಿಯ ಕೊನೆಯಿಂದಲೇ ಅಳುತ್ತಾ ಕೂಗಿಕೊಂಡು ಬಂದಿದ್ದ. “ಹಿಂಗೆ ಹೇಳ್ತಾರಾ ಯಾರಾದ್ರೂ?” ಎಂದು ಕೇಳಿದ್ದಕ್ಕೆ, “ನಿನಗೆ ಸೇರಿದ್ದನ್ನ ನಾನು ಇಟ್ಕೊಳ್ಳೋಕೆ ನಾನ್ಯಾರೇ?” ಎಂದಿದ್ದ.

ಮೇಷ್ಟ್ರು ಪಟಕ್ಕೆಂದು ಒಂದು ಫೋಟೋ ಇಸಿದುಕೊಂಡರು. ಮದುವೆಯಾದ ಹೊಸತರಲ್ಲಿ ಚಿಂತಾಮಣಿಯ ಸ್ಟುಡಿಯೋದಲ್ಲಿ ತೆಗೆಸಿದ್ದು. “ಬಲಗೈ ಮಸುಕಾಗಿದೆಯಲ್ಲ. ಅಲ್ಲಾಡಿಬಿಟ್ಟಿದ್ದಾನೆ. ಪೇಂಟರ್‌ಗೆ ಹೇಳಿ ನೆಟ್ಟಗೆ ಬರೆಸ್ತೀನಿ ಬಿಡಿ.” ಆಮೇಲೆ ಪೆನ್ಸಿಲ್ಲು ಒದ್ದೆ ಮಾಡಿಕೊಂಡು ಕೇಳಿದರು: “ವೀರಮರಣದ ತಾರೀಕು?”

ಕೋನಪ್ಪ ತಲೆಯ ರುಮಾಲು ಬಿಚ್ಚಿ ಮತ್ತೆ ಸುತ್ತಿದ. “ಬರ್ಕೊಳ್ಳಿ. ಸೆಪ್ಟೆಂಬರ್ ಹದಿನೆಂಟು.”

“ತಂತಿ ಇದ್ರೆ ಒಂದ್ಸಲ ತೋರಿಸಿ.”

“ಇಲಿ ಕಡೀತು ಸ್ವಾಮಿ.”

ಒಳಗೆ ಹಿದುಕಿದ ಬೇಳೆಯ ಬಟ್ಟಲು ರಾಮಲಕ್ಷ್ಮಮ್ಮನ ಕಾಲ ಮೇಲೆ ಮಗುಚಿಕೊಂಡಿತು.

ಹದಿನೆಂಟು. ನಾಲ್ಕು ತಿಂಗಳಿಂದ ಅವಳು ಕೇಳುತ್ತಿದ್ದದ್ದು ಅದೊಂದೇ ಮಾತು. ಮಾವ, ಅವರು ಹೋಗಿದ್ದು ಯಾವತ್ತು? ಒಂದು ಸಲ, “ತಂತಿ ಎಲ್ಲಿಟ್ಟೆನೋ” ಎಂದಿದ್ದ. ಇನ್ನೊಂದು ಸಲ, “ಮಳೇಲಿ ನೆಂದು ಅಕ್ಷರ ಹೋಯ್ತು” ಎಂದಿದ್ದ. ಈಗ ಇಲಿ. ಇರಲಿ, ತಾರೀಕು ಬಂತಲ್ಲ. ಅವಳು ಬೆರಳು ಮಡಿಸಿ ಎಣಿಸಿದಳು. ಗಂಡನಿಗೆ ಬರೆದ ಕಾಗದವನ್ನು ಅವಳು ಟಪಾಲಿಗೆ ಕೊಟ್ಟದ್ದು ಹದಿನೈದನೇ ತಾರೀಕು ಬುಧವಾರ. ಮೂರು ದಿನಕ್ಕೆ ತಲುಪಿದರೂ ತಲುಪಿತು. ಅಂದರೆ ಅವನು ಸಾಯುವ ದಿನ ಅದನ್ನು ಓದಿಯೇ ಸತ್ತ.

ಆ ಕಾಗದದ ಕಥೆ ಹೀಗೆ. ಜೂನ್ ತಿಂಗಳಲ್ಲಿ ರಜಕ್ಕೆ ಬಂದಿದ್ದ ಚೆನ್ನರಾಯಪ್ಪ, ಗೌರಿ ಹಬ್ಬಕ್ಕೆ ಮತ್ತೆ ಬರುತ್ತೇನೆ, ಗೌರಿಬಿದನೂರಿನ ನಿನ್ನಮ್ಮನ ಮನೆಗೆ ನಾನೇ ಕರೆದುಕೊಂಡು ಹೋಗುತ್ತೇನೆ ಎಂದು ಆಣೆ ಮಾಡಿ ಹೋಗಿದ್ದ. ಅವನು ಮಿಲಿಟ್ರಿಯಲ್ಲಿ ಲಾರಿ ಡ್ರೈವರು. ಹಬ್ಬ ಬಂತು, ಅವನು ಬರಲಿಲ್ಲ. ಯುದ್ಧ ಬಂತು, ಅವನ ಕಾಗದವೂ ನಿಂತಿತು. ಊರಲ್ಲಿ ರೇಡಿಯೋ ಇದ್ದವರ ಮನೆಯ ಮುಂದೆ ಗಂಡಸರು ಗುಂಪು ಕಟ್ಟುತ್ತಿದ್ದರು. ರಾಮಲಕ್ಷ್ಮಮ್ಮ ಹೊಸಿಲಲ್ಲಿ ನಿಂತು ಟಪಾಲಿನವನ ದಾರಿ ಕಾಯುತ್ತಿದ್ದಳು. ಹೆದರಿಕೆಯಾದರೆ ಅವಳಿಗೆ ಬರುತ್ತಿದ್ದದ್ದು ಬೈಗುಳವೇ ಹೊರತು ಕಣ್ಣೀರಲ್ಲ. ಆರನೇ ಕ್ಲಾಸು ಓದಿದ ಅಕ್ಷರದಲ್ಲಿ ಒಂದು ಇನ್‌ಲ್ಯಾಂಡ್ ಕಾಗದ ತುಂಬ ಬೈದು ಬರೆದಳು. ಕೊನೆಯ ಸಾಲಿನಲ್ಲಿ, ನನಗೆ ಇನ್ನು ಮುಖ ತೋರಿಸಬೇಡಿ ಎಂದಳು. ಅನ್ನದ ಅಗುಳಿನಿಂದ ಅಂಟಿಸಿ, ಪೇಟೆಗೆ ಹೊರಟ ಮಾವನ ಕೈಗೆ ಕೊಟ್ಟಳು.

ಅವನು ಮುಖ ತೋರಿಸಲಿಲ್ಲ. ಇಪ್ಪತ್ತನೇ ತಾರೀಕು ಸೋಮವಾರ ಸಂಜೆ ಮಾವ ಅಂಗಳದಲ್ಲಿ ನಿಂತು, “ಚೆನ್ರಾಯ ಹೋದ ಕಣಮ್ಮ” ಎಂದ. ದೇಹ ಊರಿಗೆ ಬರಲಿಲ್ಲ, ಅಲ್ಲೇ ಸುಟ್ಟರಂತೆ. ಅವತ್ತಿನಿಂದ ಆ ಕೊನೆಯ ಸಾಲು ಅವಳ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಕೂತಿತ್ತು. ನುಂಗಲಾರಳು, ಉಗುಳಲಾರಳು. ಯಾರಿಗೆ ಹೇಳುವುದು? ಬಾಣಲೆ ಒಲೆಯ ಮೇಲಿಟ್ಟು ಹಿತ್ತಲಿಗೆ ಹೋಗುತ್ತಿದ್ದಳು, ಹಿತ್ತಲಿಗೆ ಯಾಕೆ ಬಂದೆನೆಂದು ನಿಲ್ಲುತ್ತಿದ್ದಳು. ಒಗ್ಗರಣೆ ಸೀಯುತ್ತಿತ್ತು.

“ಏನಮ್ಮಾ ನಿನಗೆ ಬಂದಿರೋದು?” ವೆಂಕಟರತ್ನಮ್ಮ ಸೀದ ಬಾಣಲೆ ಎತ್ತಿ ಹಿಡಿದು ಕೇಳುತ್ತಿದ್ದಳು. “ದುಃಖ ನಿನಗೊಬ್ಬಳಿಗೇನಾ? ನಾನು ಹೆತ್ತೋಳು ಉಂಡು ತಿಂದು ಓಡಾಡ್ತಿಲ್ವಾ?”

“ಹುಳಿನ ಮನೆಗಾದ್ರೂ ಹೋಗ್ತೀನತ್ತೆ. ಕೈಗೆ ಕೆಲಸ ಇದ್ರೆ ಸರಿಹೋಗ್ತೀನಿ.”

“ಆ ಮಾತೊಂದು ಬೇಡ.”

ಹುಳಿನ ಮನೆಯೆಂದರೆ ರೇಷ್ಮೆ ಹುಳು ಸಾಕುವ ಕೋಣೆ. ನಮ್ಮ ಕಡೆ ಅದಕ್ಕೆ ದೇವರ ಮನೆಗಿಂತ ಒಂದು ಕೈ ಹೆಚ್ಚು ಮಡಿ. ಸೂತಕದವರು ಕಾಲಿಡಬಾರದು, ಒಳಗೆ ಸಾವಿನ ಮಾತು ಆಡಬಾರದು, ಅಳಬಾರದು. ಸೂತಕದ ಮನೆಯ ಹುಳಕ್ಕೆ ಹಿಪ್ಪುನೇರಳೆ ಸೊಪ್ಪು ಕೊಯ್ಯಲು ಊರಿನ ಒಬ್ಬ ಆಳೂ ಬರುವುದಿಲ್ಲ, ಹುಳುವನ್ನು ಗುಂಡಿಗೆ ಸುರಿಯಬೇಕಾದ್ದೇ. ಅದಕ್ಕೆ ವೆಂಕಟರತ್ನಮ್ಮ ತನ್ನದೊಂದು ಸೇರಿಸಿದ್ದಳು: ತಾಳಿ ಹೋದ ಕೈ ತಾಗಿದರೆ ಹುಳು ಗೂಡು ಕಟ್ಟುವುದಿಲ್ಲ.

ಮದುವೆಯಾಗಿ ಬಂದಂದಿನಿಂದ ಆ ಮನೆಯ ಹುಳು ಮೇಯಿಸಿದ್ದು ರಾಮಲಕ್ಷ್ಮಮ್ಮನೇ. ಸೆಪ್ಟೆಂಬರಿನ ಬೆಳೆಯಂತೂ ಊರೇ ಬಂದು ನೋಡಿ ಹೋಗುವ ಹಾಗೆ ಬಂದಿತ್ತು. ಆ ಗೂಡಿನ ದುಡ್ಡಿನಲ್ಲೇ ಗಂಡನ ಹನ್ನೊಂದನೇ ದಿನದ ತಿಥಿ ಊಟ ನಡೆದದ್ದು. ಈಗ ಅವಳು ಆ ಕೋಣೆಯ ಬಾಗಿಲ ಹೊರಗೆ ಸೊಪ್ಪು ಹೆಚ್ಚಿ ಇಟ್ಟು ಬರಬೇಕು, ಹೊಸಿಲು ದಾಟಬಾರದು. ಒಳಗೆ ನಲ್ಲಪ್ಪನೊಬ್ಬನೇ ಒದ್ದಾಡುತ್ತಿದ್ದ.

“ಅತ್ತಿಗೆ ಬರ್ಲಿ ಬಿಡಮ್ಮ,” ಅವನು ಊಟಕ್ಕೆ ಕೂತಾಗ ಗೊಣಗಿದ. “ನನ್ನ ಕೈಲಾಗಲ್ಲ. ತಟ್ಟೆ ಬದಲಾಯಿಸೋ ಹೊತ್ತಿಗೆ ಅರ್ಧ ಹುಳು ಮೇವಿಲ್ದೆ ಒಣಗ್ತಾ ಇರ್ತವೆ.”

“ನಿಮ್ಮಪ್ಪನ್ನ ಕೇಳು.”

ನಲ್ಲಪ್ಪ ಅಪ್ಪನ ಕಡೆ ನೋಡಿದ. ಕೋನಪ್ಪ ಮುದ್ದೆ ಮುರಿಯುತ್ತಿದ್ದವನು ಕೈ ತೊಳೆದು ಎದ್ದು ಹೋದ. ಈ ಮಾತು ಎದ್ದಾಗಲೆಲ್ಲ ಅವನು ಹಾಗೆಯೇ. ಮುಂಚೆ ಮನೆಯಲ್ಲಿ ಯಾವ ಜಗಳಕ್ಕೂ ತೀರ್ಪು ಹೇಳದೆ ಬಿಟ್ಟವನಲ್ಲ. ತಿಥಿ ಕಳೆದ ಮೇಲೆ ಅವನು ಸೊಸೆಯ ಮುಖ ನೋಡಿ ಮಾತಾಡಿದ್ದನ್ನು ಯಾರೂ ಕಂಡಿರಲಿಲ್ಲ. ಸೊಸೆ ವಿಧವೆಯಾದ ಸಂಕಟ ಎಂದು ಊರವರು ಅಂದುಕೊಂಡರು. ಅವಳೂ ಹಾಗೇ ಅಂದುಕೊಂಡಿದ್ದಳು.

ಶುಕ್ರವಾರ ಸಣ್ಣ ರೈಲಿನಲ್ಲಿ ಟ್ರಂಕು ಬಂತು. ಸ್ಟೇಷನ್ನಿನಿಂದ ನಲ್ಲಪ್ಪ ಗಾಡಿಯಲ್ಲಿ ಹಾಕಿಕೊಂಡು ತಂದ. ಹಸಿರು ಬಣ್ಣದ ಕಬ್ಬಿಣದ ಪೆಟ್ಟಿಗೆ, ಮೇಲೆ ಬಿಳಿ ಅಕ್ಷರದಲ್ಲಿ ನಂಬರು, ಹೆಸರು. ಇಂಗ್ಲಿಷಿನಲ್ಲಿ ಕಾಗದ ಇದ್ದರೆ ಓದಲಿಕ್ಕೆ ಬೇಕೆಂದು ದಾರಿಯಲ್ಲಿ ಮೇಷ್ಟ್ರನ್ನೂ ಕೂರಿಸಿಕೊಂಡು ಬಂದಿದ್ದ. ಕೋನಪ್ಪನಿಗೆ ಅದು ಗೊತ್ತಿರಲಿಲ್ಲ. ಮೇಷ್ಟ್ರು ಗಾಡಿಯಿಂದ ಇಳಿದದ್ದನ್ನು ನೋಡಿ, “ಇವ್ರನ್ಯಾಕೋ ಕರ್ಕೊಂಬಂದೆ?” ಎಂದು ಮಗನ ಮೇಲೆ ರೇಗಿದ.

ನಡುಮನೆಯಲ್ಲಿ ಪೆಟ್ಟಿಗೆ ತೆಗೆದರು. ಎರಡು ಜೊತೆ ಯೂನಿಫಾರಂ, ಒಂದು ಉಣ್ಣೆ ಸ್ವೆಟರು, ಶೇವಿಂಗ್ ಸಾಮಾನು, ಅರ್ಧ ಸೋಪು. ವೆಂಕಟರತ್ನಮ್ಮ ಸ್ವೆಟರನ್ನು ಮುಖಕ್ಕೆ ಒತ್ತಿಕೊಂಡು ಕೂಗಿ ಅತ್ತಳು. ತಳದಲ್ಲಿ ದಾರ ಕಟ್ಟಿದ ಕಾಗದಗಳ ಕಟ್ಟು, ಅದರ ಮೇಲೊಂದು ಉದ್ದನೆಯ ಲಕೋಟೆ. ಮೇಷ್ಟ್ರು ಲಕೋಟೆ ಒಡೆದು ಕನ್ನಡ ಮಾಡುತ್ತಾ ಓದಿದರು.

“ಅವರ ಅಧಿಕಾರಿ ಬರೆದಿದ್ದಾರೆ. ಗುಂಡಿನ ಸುರಿಮಳೆಯಲ್ಲಿ ಮದ್ದಿನ ಲಾರಿ ಮುಂದಕ್ಕೆ ತಗೊಂಡು ಹೋಗೋವಾಗ... ಗಾಯಗೊಂಡ ಇಬ್ಬರನ್ನ ಇಳಿಸಿ ಎಳ್ಕೊಂಡು ಬಂದು, ಮೂರನೆಯವನಿಗೆ ಅಂತ ಮತ್ತೆ ಓಡಿದ... ಯಾರು ಕೂಗಿದ್ರೂ ನಿಲ್ಲಲಿಲ್ಲ...”

ರಾಮಲಕ್ಷ್ಮಮ್ಮ ಬಾಗಿಲಿಗೆ ಒರಗಿ ನಿಂತಿದ್ದಳು. ನಿಲ್ಲಲಿಲ್ಲವಂತೆ. ನಿಲ್ಲುವ ಜನವೇ ಅದು? ಮದುವೆಯಾದ ವರ್ಷ ಇಬ್ಬರೂ ಅಂಬಾಜಿದುರ್ಗ ಹತ್ತುವಾಗ, ಕೆಳಗೆ ಯಾವಳೋ ಮುದುಕಿ ಸೌದೆ ಹೊರೆ ಎತ್ತಲಾರದೆ ಕೂತಿದ್ದಳೆಂದು ಅರ್ಧ ಬೆಟ್ಟದಿಂದ ಇಳಿದು ಓಡಿದ್ದ. ಹೊಸ ಹೆಂಡತಿ ಬಂಡೆಯ ಮೇಲೆ ಬಿಸಿಲಲ್ಲಿ ಒಬ್ಬಳೇ. ಎಷ್ಟು ಬೈದಿದ್ದಳು ಅವತ್ತು! ಅವನು ಬೆವರು ಸುರಿಸಿಕೊಂಡು ಬಂದು, “ಹೊರೆ ಎತ್ತಿಕೊಟ್ಟು ಬರಣ ಅಂತ ಹೋದೆ, ಮನೆ ತನಕ ಹೊತ್ಕೊಟ್ಟೆ, ನಡೆ ನಡೆ” ಎಂದಿದ್ದ. ಅದೇ ಮನುಷ್ಯ. ಅದಕ್ಕೆ ಧೈರ್ಯ ಎನ್ನಬೇಕೋ, ಕೂತಲ್ಲಿ ಕೂರಲಾರದ ಚಾಳಿ ಎನ್ನಬೇಕೋ, ಅವಳಿಗೆ ಗೊತ್ತಾಗಲಿಲ್ಲ. ನಾಲ್ಕು ತಿಂಗಳಲ್ಲಿ ಮೊದಲ ಸಲ ಅವನು ಮನೆಯೊಳಗೆ ಕಾಲಿಟ್ಟ ಹಾಗಾಯಿತು.

ಮೇಷ್ಟ್ರು ಓದುತ್ತಾ ತಡೆದರು. “ಸೆಪ್ಟೆಂಬರ್ ಒಂಬತ್ತು ಅಂತಿದೆ. ಹನ್ನೆರಡಕ್ಕೆ ತಂತಿ ಕಳಿಸಿದ್ದೀವಿ ಅಂತಿದ್ದಾರೆ. ಕೋನಪ್ಪನೋರೇ, ಹದಿನೆಂಟು ಅಂದ್ರಲ್ಲ ನೀವು?”

ಕೋನಪ್ಪ “ಎತ್ತಿಗೆ ನೀರು ತೋರಿಸ್ಬೇಕು,” ಎಂದು ಎದ್ದ.

ಅಷ್ಟರಲ್ಲಿ ರಾಮಲಕ್ಷ್ಮಮ್ಮ ಕಾಗದಗಳ ಕಟ್ಟು ಬಿಚ್ಚಿದ್ದಳು. ಎಲ್ಲಾ ಅವಳವೇ, ಮಡಿಕೆ ಮಡಿಕೆಯಲ್ಲಿ ಸವೆದವು. ತುದಿಯಲ್ಲಿ ಒಂದು ಮಾತ್ರ ಸವೆದಿರಲಿಲ್ಲ. ಅಂಚು ಅಂಟಿದ ಹಾಗೇ ಇತ್ತು, ಅನ್ನದ ಅಗುಳು ಒಣಗಿ ಗಟ್ಟಿಯಾಗಿತ್ತು. ಅವಳು ಉಗುರಿನಿಂದ ಅಂಚು ಮುಟ್ಟಿ ಮುಟ್ಟಿ ನೋಡಿದಳು. ಒಡೆದಿಲ್ಲ.

“ಓದಿಲ್ಲ,” ಎಂದಳು. ಅಲ್ಲೇ ಕೂತಳು. “ಅವರು ಓದಿಲ್ಲ. ಅತ್ತೆ, ಅವರು ಓದೇ ಇಲ್ಲ!”

“ಏನು ಓದಿಲ್ಲ?” ಎಂದಳು ವೆಂಕಟರತ್ನಮ್ಮ ದಿಕ್ಕು ತೋಚದೆ. ಸೊಸೆ ಅಳುತ್ತಿದ್ದಾಳೋ ನಗುತ್ತಿದ್ದಾಳೋ ತಿಳಿಯದೆ ಹೆದರಿದಳು.

ಕಣ್ಣು ಒರೆಸಿಕೊಂಡ ಮೇಲೆ ರಾಮಲಕ್ಷ್ಮಮ್ಮನಿಗೆ ಟಪಾಲಿನ ಮುದ್ರೆ ಕಂಡಿತು. ಶಿಡ್ಲಘಟ್ಟ, ಹದಿನೈದು. ಅವಳು ಬೆರಳು ಮಡಿಸಿದಳು. ತಂತಿ ಹನ್ನೆರಡಕ್ಕೆ ಹೊರಟದ್ದು, ಇಲ್ಲಿಗೆ ಬರಲು ಎಂಟು ದಿನ ಹಿಡಿಯುತ್ತದೆಯೇ? ಹಾಗಾದರೆ ತಂತಿ ಯಾಕೆ ಬೇಕು, ಎತ್ತಿನ ಗಾಡಿಯಲ್ಲೇ ಹೇಳಿ ಕಳಿಸಬಹುದಿತ್ತು. ಅವಳು ಕಾಗದ ಹಿಡಿದುಕೊಂಡೇ ಎದ್ದು ಕೊಟ್ಟಿಗೆಗೆ ಹೋದಳು. ಕೋನಪ್ಪ ನೀರು ಕುಡಿದಾಗಿದ್ದ ಎತ್ತಿನ ಮುಂದೆ ಮತ್ತೆ ನೀರು ಹಿಡಿದು ನಿಂತಿದ್ದ.

“ಮಾವ, ತಂತಿ ಯಾವತ್ತು ಬಂತು?”

ಕೋನಪ್ಪ ಬಕೆಟ್ಟನ್ನು ಎತ್ತಿನ ಮೂತಿಯ ಹತ್ತಿರಕ್ಕೆ ಒಯ್ದ.

“ನನ್ನ ಮುಖ ನೋಡಿ ಹೇಳಿ ಮಾವ.”

ಕೋನಪ್ಪ ಬಕೆಟ್ಟು ಕೆಳಗಿಟ್ಟ. “ಹದಿನಾಲ್ಕು. ಮಂಗಳವಾರ.” ಆಮೇಲೆ ಕಟ್ಟೆ ಒಡೆದ ಹಾಗೆ ಹೇಳಿದ. “ಗೂಡಿನ ರೇಟು ಮಾತಾಡೋಕೆ ಗೂಡು ಕೊಂಡು ನೂಲು ತೆಗೆಯೋ ಖಾಜಾ ಪೀರ್ ಸಾಹೇಬ್ರ ಕೊಟ್ಟಿಗೆಗೆ ಹೋಗಿದ್ದೆ. ಟಪಾಲಿನೋನು ಅಲ್ಲೇ ತಂದುಕೊಟ್ಟ. ಸಾಹೇಬ್ರು ಓದಿದ್ರು. ‘ಕೋನಪ್ಪ, ಇದು ಮನೆಗೆ ಹೇಳೋ ಮಾತು, ಇಟ್ಕೊಳ್ಳೋದಲ್ಲ’ ಅಂತ ಅವತ್ತೇ ಅಂದ್ರು. ನಾನೇ ಅವರ ಬಾಯಿ ಕಟ್ಟಿದೆ. ಟಪಾಲಿನೋನ ಕಾಲಿಗೂ ಬಿದ್ದೆ.”

“ಯಾಕೆ?”

“ಹುಳು ನಾಲ್ಕನೇ ಜ್ವರದಿಂದ ಎದ್ದಿದ್ವಲ್ಲಮ್ಮ.”

ಹೊರಗಿನವರಿಗೆ ಇದು ಉತ್ತರವೇ ಅಲ್ಲ. ಆದರೆ ಆ ಮನೆಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಹುಳು ನಾಲ್ಕು ಸಲ ಮೇವು ಬಿಟ್ಟು ಮಲಗಿ ಪೊರೆ ಕಳಚುತ್ತದೆ, ಅದಕ್ಕೆ ಜ್ವರ ಎನ್ನುತ್ತಾರೆ. ನಾಲ್ಕನೇ ಜ್ವರದಿಂದ ಎದ್ದ ಮೇಲೆ ವಾರವಿಡೀ ತಿನ್ನುವುದೇ ತಿನ್ನುವುದು, ಆಮೇಲೆ ಹಣ್ಣಾಗಿ ಚಂದ್ರಿಕೆಯ ಬಿದಿರ ಸುರುಳಿಯಲ್ಲಿ ಗೂಡು ಕಟ್ಟುತ್ತದೆ. ಆ ವಾರ ಸೂತಕ ಬಂದರೆ ಬೆಳೆಯೆಲ್ಲ ಗುಂಡಿಗೆ.

“ಆರು ದಿನ,” ಎಂದಳು ರಾಮಲಕ್ಷ್ಮಮ್ಮ. “ಆರು ದಿನ ನಾನು ಹೂವ ಮುಡ್ಕೊಂಡು ಸೊಪ್ಪು ಹಾಕಿದೀನಿ. ಹಾಡು ಹೇಳ್ಕೊಂಡಿದೀನಿ. ನೀವು ಪಕ್ಕದಲ್ಲೇ ನಿಂತಿದ್ರಿ.”

“ನಿಂತಿದ್ದೆ.”

“ನಿಮ್ಮ ಮಗ ಯಾವ ಸುದ್ದೀನೂ ಹೊಸಿಲಾಚೆ ಇಟ್ಟು ಬಂದೋರಲ್ಲ. ಇದು ನನಗೆ ಸೇರಿದ ಸುದ್ದಿ ಮಾವ. ನೀವ್ಯಾರು ಇಟ್ಕೊಳ್ಳೋಕೆ?”

ಗದ್ದಲ ಕೇಳಿ ವೆಂಕಟರತ್ನಮ್ಮ, ನಲ್ಲಪ್ಪ ಇಬ್ಬರೂ ಕೊಟ್ಟಿಗೆಯ ಬಾಗಿಲಿಗೆ ಬಂದಿದ್ದರು. ವೆಂಕಟರತ್ನಮ್ಮನಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಅರ್ಥವಾದ ಮೇಲೆ ಗಂಡನ ಎದೆಗೆ ಎರಡೂ ಕೈಯಿಂದ ಗುದ್ದಿದಳು. “ಪಾಪಿ, ನನಗೂ ಹೇಳ್ಲಿಲ್ವಾ! ಆ ಶನಿವಾರ ಒಬ್ಬಟ್ಟು ಮಾಡಿದ್ನಲ್ಲಯ್ಯಾ, ತಿಂದ್ಯಲ್ಲಾ!”

“ತಿನ್ನಲಿಲ್ಲ ಕಣೇ. ಎತ್ತಿಗೆ ಹಾಕ್ದೆ.”

“ನಾಳೆ ಬೆಳಗ್ಗೆ ಗೌರಿಬಿದನೂರಿಗೆ ಹೋಗ್ತೀನಿ,” ಎಂದಳು ರಾಮಲಕ್ಷ್ಮಮ್ಮ. “ಈ ಮನೇಲಿ ನನಗೆ ನೀರೂ ಇಳಿಯಲ್ಲ.” ಯಾರೂ ಬೇಡ ಎನ್ನಲಿಲ್ಲ. ಯಾವ ಮುಖದಿಂದ ಎನ್ನುತ್ತಾರೆ? ಮೇಷ್ಟ್ರು ನೋಟ್‌ಬುಕ್ ಕಂಕುಳಲ್ಲಿ ಸಿಕ್ಕಿಸಿಕೊಂಡು ಸದ್ದಿಲ್ಲದೆ ಊರ ದಾರಿ ಹಿಡಿದರು.

ಬೆಳಗಾಯಿತು. ರಾಮಲಕ್ಷ್ಮಮ್ಮ ಸೀರೆ ಗಂಟು ಕಟ್ಟಿ ಇಟ್ಟಿದ್ದಳು. ರೈಲಿಗೆ ಹೊತ್ತಿತ್ತು. ಅವಳು ಹುಳಿನ ಮನೆಯ ಮುಂದೆ ಹಾಯುವಾಗ ಅಲ್ಲಿ ನಲ್ಲಪ್ಪ ತಲೆಯ ಮೇಲೆ ಕೈ ಹೊತ್ತು ಕೂತಿದ್ದ. ನಿನ್ನೆಯ ಗಲಾಟೆಯಲ್ಲಿ ಎರಡು ಹೊತ್ತಿನ ಮೇವು ತಪ್ಪಿತ್ತು. ಒಳಗಿನ ಹುಳು ನಾಲ್ಕನೇ ಜ್ವರದಿಂದ ಎದ್ದು ಒಂದು ದಿನವಾಗಿತ್ತಷ್ಟೆ. ಅವಳು ಬಾಗಿಲಿಂದ ಇಣುಕಿದಳು. ತಟ್ಟೆ ತಟ್ಟೆಯಲ್ಲೂ ಹುಳು ತಲೆ ಎತ್ತಿಕೊಂಡು ಗಾಳಿಯಲ್ಲಿ ಸೊಪ್ಪು ಹುಡುಕುತ್ತಿದ್ದವು.

ಅವಳು ಗಂಟು ಜಗಲಿಯ ಮೇಲೆ ಎಸೆದು ಸೆರಗು ಬಿಗಿದು ಸೊಪ್ಪಿನ ಬುಟ್ಟಿಗೆ ಕೈ ಹಾಕಿದಳು.

“ಬೇಡ ಕಣೇ!” ವೆಂಕಟರತ್ನಮ್ಮ ಹಿತ್ತಲಿಂದ ಓಡಿ ಬಂದಳು. “ತಾಳಿ ಇಲ್ದಿರೋ ಕೈ...”

“ಅತ್ತೆ, ಸೆಪ್ಟೆಂಬರಲ್ಲಿ ಆ ಆರು ದಿನ ಈ ಹುಳು ಮೇಯಿಸಿದ್ದು ಯಾರ ಕೈ?” ರಾಮಲಕ್ಷ್ಮಮ್ಮ ತಿರುಗಿ ನಿಂತಳು. “ನಿಮ್ಮ ಮಗ ಸತ್ತು ಐದು ದಿನ ಆಗಿತ್ತು. ಆಗ ನಾನು ಯಾರು? ಮನೆಯೆಲ್ಲ ಸೂತಕದಲ್ಲಿ ಮುಳುಗಿತ್ತು. ಹುಳು ಸತ್ವಾ? ಗೂಡು ಕಟ್ಲಿಲ್ವಾ? ಊರೇ ಬಂದು ನೋಡ್ಕೊಂಡು ಹೋಯ್ತಲ್ಲ. ಹುಳಕ್ಕೆ ಗೊತ್ತಾಗದಿದ್ದ ಮುಂಡೇತನ ನಿಮಗೆ ಹೆಂಗೆ ಗೊತ್ತಾಯ್ತು?”

ವೆಂಕಟರತ್ನಮ್ಮ ಬಾಗಿಲಿಗೆ ಅಡ್ಡ ಚಾಚಿದ್ದ ಕೈ ಇಳಿಸಿದಳು. ಐವತ್ತು ವರ್ಷ ನಂಬಿಕೊಂಡು ಬಂದ ಮಾತಿಗೆ ಗಂಡನೇ ಕೊಡಲಿ ಇಟ್ಟಿದ್ದ, ಅವಳೇನು ಮಾಡಿಯಾಳು. ಸೊಸೆ ಹೊಸಿಲು ದಾಟಿ ಒಳಗೆ ಹೋದಳು. ಸ್ವಲ್ಪ ಹೊತ್ತಾದ ಮೇಲೆ ಮುದುಕಿ ಹೊರಗೆ ಕೂತು, ಯಾರೂ ಹೇಳದೆಯೇ, ಸೊಪ್ಪು ಹೆಚ್ಚತೊಡಗಿದಳು.

ಅವತ್ತಿನ ರೈಲು ತಪ್ಪಿತು. ಮರುದಿನದ ರೈಲಿನ ಮಾತು ಯಾರೂ ಎತ್ತಲಿಲ್ಲ. ಹಸಿದ ಹುಳಕ್ಕೆ ಕೋಪ ತಾಪ ಗೊತ್ತಾಗುವುದಿಲ್ಲ, ಮೂರು ಮೂರು ಗಂಟೆಗೆ ಮೇವು ಬೇಕು. ರಾಮಲಕ್ಷ್ಮಮ್ಮ ಮಾವನೊಂದಿಗೆ ಮಾತಾಡಲಿಲ್ಲ. ಅವನ ಮುದ್ದೆಯನ್ನು ನಲ್ಲಪ್ಪನ ಕೈಯಲ್ಲಿ ಕಳಿಸಿದಳು.

ಮಂಗಳವಾರ ಮಧ್ಯಾಹ್ನ ಮೇಷ್ಟ್ರು ಮತ್ತೆ ಬಂದರು. ನಾಳೆಯೇ ಇಪ್ಪತ್ತಾರು. ಈ ಸಲ ಕೋನಪ್ಪ ಜಗಲಿಯಿಂದ ಏಳದೆಯೇ, “ಒಳಗೆ ನನ್ನ ಸೊಸೆ ಅವಳೆ, ಅವಳನ್ನ ಕೇಳಿ ಬರ್ಕೊಳ್ಳಿ,” ಎಂದ.

ರಾಮಲಕ್ಷ್ಮಮ್ಮ ಸೆರಗಿಗೆ ಕೈ ಒರೆಸಿಕೊಂಡು ಬಾಗಿಲಿಗೆ ಬಂದಳು. “ಮೊದಲು ಬರೆದಿದ್ದು ಹೊಡೆದುಹಾಕಿ ಸಾರ್.”

“ಹೊಡೆದೆ. ಹೇಳಿ.”

“ಒಂದು ಕಡೆ ಕೂತೋರಲ್ಲ. ಕಷ್ಟದಲ್ಲಿರೋರನ್ನ ಕಂಡ್ರೆ ಹೆಂಡ್ತಿನೂ ಬಿಟ್ಟು ಓಡೋರು. ಬೈದ್ರೆ ನಗೋರು.” ಅವಳು ಜಗಲಿಯ ಕಡೆ ನೋಡಿದಳು. “ಬಾಯಲ್ಲಿ ಯಾವ ಮಾತೂ ಬಚ್ಚಿಟ್ಕೊಳ್ಳೋಕೆ ಬರ್ತಿರಲಿಲ್ಲ.”

ಜಗಲಿಯ ಮೇಲಿದ್ದ ಕೋನಪ್ಪ ತಲೆ ತಗ್ಗಿಸಿದ. “ಬರ್ಕೊಳ್ಳಿ ಸ್ವಾಮಿ,” ಎಂದ. “ದಿಟವಾದ ಮಾತು.”

“ಇನ್ನೊಂದು ಸಾರ್. ಪಟದಲ್ಲಿ ಆ ಕೈ ತಿದ್ದಿಸ್ಬೇಡಿ. ಅವತ್ತು ಸ್ಟುಡಿಯೋನೋನು ಅಲ್ಲಾಡ್ಬೇಡಿ ಅಂತ ಮೂರು ಸಲ ಹೇಳ್ದ. ನನ್ನ ಕಿವಿ ಹತ್ರ ನೊಣ ಕೂತಿತ್ತು ಅಂತ ಇವರು ಕೈ ಎತ್ತಿಬಿಟ್ರು.”

ಮೇಷ್ಟ್ರು ಕನ್ನಡಕ ತೆಗೆದು ಒರೆಸಿ, ‘ಕೈ ಹಾಗೇ ಇರಲಿ’ ಎಂದು ಬರೆದುಕೊಂಡರು. ತಾರೀಕಿನ ಜಾಗದಲ್ಲಿ ಒಂಬತ್ತು ಎಂದು ತಿದ್ದಿದರು.

ಸಂಜೆಯ ಮೇವಿಗೆ ಅವಳು ಹುಳಿನ ಮನೆಯಲ್ಲಿದ್ದಾಗ ಕೋನಪ್ಪ ಸೊಪ್ಪಿನ ಬುಟ್ಟಿ ಹಿಡಿದು ಒಳಗೆ ಬಂದ. ತಟ್ಟೆ ಜೋಡಿಸಿದ ಒಂದು ಅಟ್ಟಣೆಗೆ ಅವಳು ಹಾಕಿದಳು, ಇನ್ನೊಂದಕ್ಕೆ ಅವನು ಹಾಕಿದ.

“ಮಾವ,” ಎಂದಳು ಕೊನೆಗೆ, ತಟ್ಟೆಯಿಂದ ಕಣ್ಣು ತೆಗೆಯದೆ. “ಹುಳಕ್ಕೋಸ್ಕರ ಬಚ್ಚಿಟ್ರಿ. ಸರಿ. ನನ್ನ ಕಾಗದ ಯಾಕೆ ಟಪಾಲಿಗೆ ಹಾಕಿದ್ರಿ? ಹರಿದು ಬಿಸಾಕಬಹುದಿತ್ತಲ್ಲ. ಮಗ ಇಲ್ಲ ಅಂತ ನಿಮಗೆ ಗೊತ್ತಿತ್ತಲ್ಲ.”

ಕೋನಪ್ಪನ ಕೈಯಲ್ಲಿ ಎಲೆ ಹಾಗೇ ಉಳಿಯಿತು. “ಹರಿಯೋಕೆ ಹೋದೆ. ಕೆರೆ ಏರಿ ಮೇಲೆ ಕೂತು ಹರಿಯೋಕೆ ಹೋದೆ ಕಣಮ್ಮ. ಕೈ ಬರ್ಲಿಲ್ಲ. ಅದನ್ನ ಹರಿದ್ರೆ ಅವನನ್ನ ನಾನೇ ಸಾಯಿಸ್ದಂಗೆ ಅನ್ನಿಸ್ತು. ತಗೊಂಡ್ಹೋಗಿ ಡಬ್ಬಿಗೆ ಹಾಕ್ದೆ. ಹಾಕಿ ಒಂದು ಗಳಿಗೆ ಅಲ್ಲೇ ನಿಂತ್ಕೊಂಡೆ. ಅಲ್ಲಿ ಯಾರಾದ್ರೂ ಇಸ್ಕೊಳ್ಳೋರು ಇರ್ತಾರೇನೋ ಅಂತ.”

ರಾಮಲಕ್ಷ್ಮಮ್ಮ ಮುಂದಿನ ತಟ್ಟೆ ಎಳೆದು ಸೊಪ್ಪು ಹರಡಿದಳು.

“ಓದೋಕೆ ಬರಲ್ಲ ನನಗೆ,” ಎಂದ ಅವನು. “ಅದರಾಗೆ ಏನು ಬರ್ದಿದ್ದೆ?”

“ನೀವು ಮಾಡಿದ್ದನ್ನ ನಾನು ಮರೆಯಲ್ಲ ಮಾವ.”

“ಮರೀಬೇಡ.”

ಅವಳು ಸೊಂಟದಿಂದ ಕಾಗದ ತೆಗೆದಳು. ಐದು ದಿನದಿಂದ ಒಡೆಯದೆ ಅಲ್ಲೇ ಸಿಕ್ಕಿಸಿಕೊಂಡಿದ್ದಳು. ಉಗುರಿನಿಂದ ಅಂಚು ಬಿಡಿಸಿ ಕಿಟಕಿಯ ಬೆಳಕಿಗೆ ಹಿಡಿದು ಓದಿದಳು. “ಯುದ್ಧ ಯುದ್ಧ ಅಂತ ಊರೆಲ್ಲ ಹೇಳುತ್ತಿದೆ. ನಿಮ್ಮಿಂದ ಒಂದು ಗೆರೆ ಇಲ್ಲ. ಬರೆಯುವ ಕೈಗೆ ಏನು ಲಕ್ವ ಹೊಡೆದಿದೆಯಾ? ಗೌರಿ ಹಬ್ಬಕ್ಕೆ ಬರುತ್ತೇನೆಂದು ನಿಮ್ಮಮ್ಮನ ಆಣೆ ಇಟ್ಟಿರಿ. ಬಾಗಿನದ ಮೊರ ಅಟ್ಟದ ಮೇಲೆ ಜೇಡರ ಬಲೆ ಕಟ್ಟಿದೆ. ನನಗಿಂತ ನಿಮಗೆ ಆ ದರಿದ್ರ ಲಾರಿಯೇ ಹೆಚ್ಚು. ಅದಕ್ಕೇ ತಾಳಿ ಕಟ್ಟಬೇಕಾಗಿತ್ತು...”

ಕೋನಪ್ಪನ ಗಂಟಲಿಂದ ಒಂದು ಸದ್ದು ಬಂತು. ನಗು. “ಇದನ್ನ ಓದಿದ್ದಿದ್ರೆ ಪಟಾಲಮಿಗೆಲ್ಲ ತೋರಿಸ್ಕೊಂಡು ಕುಣೀತಿದ್ದ ಕಣಮ್ಮ ನನ್ನ ಮಗ,” ಎಂದ.

“ಇನ್ನೊಂದು ಸಾಲಿದೆ,” ಎಂದಳು ರಾಮಲಕ್ಷ್ಮಮ್ಮ. ನಾಲ್ಕು ತಿಂಗಳಿಂದ ಗಂಟಲಲ್ಲಿ ಕೂತಿದ್ದ ಸಾಲು. “ನನಗೆ ಇನ್ನು ಮುಖ ತೋರಿಸಬೇಡಿ.”

ನಗುತ್ತಿದ್ದ ಮುದುಕ ಅಟ್ಟಣೆಯ ಕಂಬ ಹಿಡಿದುಕೊಂಡ. ಹಿಡಿದುಕೊಂಡು, ಹುಳಿನ ಮನೆಯ ನಡುವೆ, ಮೂರು ತಲೆಮಾರಿನಿಂದ ಯಾರೂ ಕಣ್ಣೀರು ಹಾಕದ ಜಾಗದಲ್ಲಿ, ಬಾಯಿ ಬಿಟ್ಟು ಹೋ ಎಂದು ಅತ್ತ. ತಂತಿ ಬಂದ ದಿನ ಅಳಬೇಕಾಗಿದ್ದ ಅಳು ಅದು. ಹೊರಗೆ ಸೊಪ್ಪು ಹೆಚ್ಚುತ್ತಿದ್ದ ವೆಂಕಟರತ್ನಮ್ಮ ಬಾಗಿಲಿಗೆ ಬಂದು ನಿಂತಳು. ಒಳಗೆ ಅಳಬಾರದು ಎಂದು ಹೇಳಲು ಬಂದವಳು ಕೈಯಲ್ಲಿದ್ದ ಸೊಪ್ಪನ್ನು ಹೊಸಿಲ ಬಳಿ ಇಟ್ಟು ತಿರುಗಿ ಹೋದಳು.

ಹುಳು ಒಂದೂ ತಲೆ ಎತ್ತಲಿಲ್ಲ. ಹಾಕಿದ ಸೊಪ್ಪನ್ನು ಕರಕರ ಮೇಯುತ್ತಲೇ ಇದ್ದವು.

ಅವನು ಅತ್ತು ಮುಗಿಸುವ ತನಕ ರಾಮಲಕ್ಷ್ಮಮ್ಮ ಕಾದಳು. ಆಮೇಲೆ ಕಾಗದ ಮಡಿಸಿ ಸೊಂಟಕ್ಕೆ ಸಿಕ್ಕಿಸಿ, ಬರಿದಾದ ಬುಟ್ಟಿಯನ್ನು ಮಾವನ ಕೈಗೆ ಕೊಟ್ಟಳು.

“ಮೇಲಿನ ಎರಡು ತಟ್ಟೆ ಉಳಿದಿದೆ,” ಎಂದಳು. “ಸೊಪ್ಪು ತನ್ನಿ.”